ಉಗುರಗಲದ ಕನ್ನಡಿಯೂ ಊರಗಲದ ಶಾಣ್ಯಾರೂ

ನಮ್ಮ ಕಡೆ ಹೊಸ ಯಂತ್ರ ಯಾವುದೇ ಬರಲಿ, ಅದು ಕೆಲಸ ಶುರು ಮಾಡುವ ಮೊದಲೇ ಅದರ ಸುತ್ತ ಶಾಣ್ಯಾರು, ಅಂದರೆ ಎಲ್ಲ ಬಲ್ಲ ಜಾಣರು, ಕೆಲಸ ಶುರು ಮಾಡಿಬಿಡುತ್ತಾರೆ. ಯಂತ್ರಕ್ಕಾದರೂ ಬಂದ್ ಮಾಡುವ ಗುಂಡಿ ಇರುತ್ತದೆ. ಶಾಣ್ಯಾರಿಗೆ ಅದನ್ನು ಇಡುವುದನ್ನು ದೇವರು ಮರೆತಿದ್ದಾನೆ. ನಾನು ಇದನ್ನು ಕೋಪದಿಂದ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ಕೋಪವೂ ಸ್ವಲ್ಪ ಇದೆ.

ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವವಳು. ನಾನು ಹಿಂದೆ ಸಂಶೋಧನೆ ಮಾಡಿದ ಸಂಸ್ಥೆಯವರು ಬಾಹ್ಯಾಕಾಶಕ್ಕೆ ಕಳಿಸುವ ದುರ್ಬೀನಿಗೆಂದು ಒಂದು ಪುಟ್ಟ ಕನ್ನಡಿ ತಯಾರಿಸಿದರು. ಅಂಥದೇ ಇನ್ನೊಂದನ್ನು ಪ್ರಯೋಗಕ್ಕೆಂದು ನನಗೆ ಎರವಲು ಕೊಟ್ಟರು. ಕನ್ನಡಿ ಎಂದರೆ ಕಿರುಬೆರಳಿನ ಉಗುರಿನಷ್ಟು ಅಗಲ. ಅದರ ಬೆನ್ನಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗೂಟಗಳ ಸಾಲುಗಳಿವೆ. ಕಂಪ್ಯೂಟರ್ ಹೇಳಿದ ಹಾಗೆ ಒಂದೊಂದು ಗೂಟವೂ ಕನ್ನಡಿಯ ಒಂದೊಂದು ಜಾಗವನ್ನು ತುಸು ಒತ್ತುತ್ತದೆ, ತುಸು ಎಳೆಯುತ್ತದೆ. ಯಾಕೆಂದರೆ ಮೇಲೆ ಹೋದ ದುರ್ಬೀನಿಗೆ ಒಂದು ಮೈ ಬಿಸಿಲು, ಒಂದು ಮೈ ನೆರಳು. ಅದರ ಮೈ ಒಂದಿಷ್ಟು ಉಬ್ಬುತ್ತದೆ, ಕುಗ್ಗುತ್ತದೆ. ಅಷ್ಟಕ್ಕೇ ಚುಕ್ಕಿಯ ಬೆಳಕು ಕಾಡಿಗೆ ಒರೆಸಿದಂತೆ ಕದಡಿ ಹೋಗುತ್ತದೆ. ಆಗ ಈ ಪುಟ್ಟ ಕನ್ನಡಿ ಅದಕ್ಕೆ ವಿರುದ್ಧವಾಗಿ ಬಾಗಿ ಬೆಳಕನ್ನು ಮತ್ತೆ ಒಂದು ಬಿಂದುವಿಗೆ ತರಬೇಕು. ಯಾವ ಗೂಟವನ್ನು ಎಷ್ಟು ಒತ್ತಬೇಕೆಂದು ಮೊದಲೆಲ್ಲ ದೊಡ್ಡ ಲೆಕ್ಕ ಹಾಕುತ್ತಿದ್ದರು. ಈಗ ಅದನ್ನು ಎಐಗೆ ಬಿಡುತ್ತಾರೆ. ಅದು ಬೆಳಕಿನ ಚಿತ್ರ ನೋಡಿ, ಒತ್ತಿ ನೋಡಿ, ತಪ್ಪಿ, ತಿದ್ದಿಕೊಂಡು ಕಲಿಯುತ್ತದೆ. ರೊಟ್ಟಿ ಬಡಿಯುವವಳ ಬೆರಳು ಹಿಟ್ಟು ಎಲ್ಲಿ ದಪ್ಪ ಇದೆ ಎಂದು ತಾನೇ ಅರಿತು ಅಲ್ಲಿ ಒತ್ತುವುದಿಲ್ಲವೇ, ಹಾಗೆ.

ಇಷ್ಟನ್ನು ನಾನು ಕಳೆದ ಒಂದೆರಡು ವರ್ಷಗಳಲ್ಲಿ ಹಲವರಿಗೆ ತಿಳಿಸಿ ಹೇಳಿದ್ದೇನೆ. ಅವರು ತಿಳಿದುಕೊಂಡದ್ದು ಏನು ಎಂಬುದು ಮುಂದೆ ಇದೆ.

ಉದ್ಘಾಟನೆ

ನಮ್ಮ ಪ್ರಿನ್ಸಿಪಾಲರು ಉದ್ಘಾಟನೆ ಆಗದೆ ಹೊಸ ಕಸಬರಿಗೆಯನ್ನೂ ಮುಟ್ಟಲು ಬಿಡುವವರಲ್ಲ. ಕನ್ನಡಿ ಬಂದ ಸುದ್ದಿ ತಿಳಿದದ್ದೇ ಊರಿನ ಒಬ್ಬ ಮುಖಂಡರನ್ನು ಕರೆದು, ಪೆಂಡಾಲ್ ಹೇಳಿ, ಮೈಕಿನವನಿಗೂ ಹೇಳಿ, ಆಮೇಲೆ ಕನ್ನಡಿ ನೋಡಲು ನನ್ನ ಲ್ಯಾಬಿಗೆ ಬಂದರು.

"ಎಲ್ಲೈತ್ರಿ ಮೇಡಂ ಕನ್ನಡಿ?"

ನಾನು ಬೆರಳು ಮಾಡಿ ತೋರಿಸಿದೆ. ಅವರು ಮೊದಲು ಮೇಜನ್ನು ನೋಡಿದರು, ಮೇಜಿನ ಹಿಂದೆ ಬಗ್ಗಿ ನೋಡಿದರು, ಕೊನೆಗೆ ನನ್ನ ಬೆರಳನ್ನೇ ನೋಡಿದರು.

"ಡಬ್ಬಿ ತೋರಸಾಕತ್ತೀರಿ. ಕನ್ನಡಿ ತೋರಸ್ರಿ."

"ಡಬ್ಬಿ ಒಳಗ ನಡುವ ಮಿಂಚತೈತಲ್ರಿ ಸರ್, ಅದ ಕನ್ನಡಿ."

ಪ್ರಿನ್ಸಿಪಾಲರು ಡಬ್ಬಿಯ ಮೇಲೆ ಬಗ್ಗಿ ನೋಡಿದರು. ಅವರ ಮುಖ ಹೆಣ್ಣು ನೋಡಲು ಹೋಗಿ ಅವಲಕ್ಕಿ ಅಷ್ಟೇ ತಿಂದು ಬಂದವರ ಮುಖದಂತಾಯಿತು. "ಸಾಹೇಬ್ರು ಬೆಳಗಾವಿ ಕಾರ್ಯಕ್ರಮ ಬಿಟ್ಟು ಬರಾಕತ್ತಾರ್ರಿ. ಅವರ ಕೈಲೆ ಇದರ ಪರದಿ ಸರಸೂದಂದ್ರ ಅವರಿಗೆ ಅವಮಾನ ಆಗೂದಿಲ್ಲೇನ್ರಿ? ಇರ್ಲಿ ಬಿಡ್ರಿ, ನಾ ವ್ಯವಸ್ಥಾ ಮಾಡತೇನಿ."

ಸಮಾರಂಭದ ದಿನ ವೇದಿಕೆಯ ನಡುವೆ ಆಳೆತ್ತರದ ಏನೋ ಒಂದು, ಮೇಲೆ ರೇಷ್ಮೆ ಬಟ್ಟೆ ಹೊದ್ದು ನಿಂತಿತ್ತು. ಮುಖಂಡರು ಹಗ್ಗ ಎಳೆದರು. ಬಟ್ಟೆ ಜಾರಿತು. ಸವದತ್ತಿ ರಸ್ತೆಯ ಫರ್ನಿಚರ್ ಅಂಗಡಿಯಿಂದ ತಂದ ಡ್ರೆಸಿಂಗ್ ಟೇಬಲ್ ಅದು. ಎರಡೂ ಕಡೆ ನವಿಲು ಕೆತ್ತಿದ್ದರು. ಕುಂಕುಮ, ಬಾಚಣಿಕೆ ಇಡಲು ಕಟ್ಟೆಯೂ ಇತ್ತು.

ಮುಖಂಡರು ಕನ್ನಡಿಯ ಮುಂದೆ ನಿಂತು ಮೊದಲು ಶಲ್ಯ ಸರಿ ಮಾಡಿಕೊಂಡರು, ಆಮೇಲೆ ಕಿಸೆಯಿಂದ ಬಾಚಣಿಕೆ ತೆಗೆದು ಮೀಸೆ ಬಾಚಿಕೊಂಡರು. ಫೋಟೋದವರು ಅದನ್ನೇ ಹೊಡೆದುಕೊಂಡರು. ಮೈಕಿನ ಮುಂದೆ ಬಂದು, "ಈ ಕನ್ನಡಿಯೊಳಗ ನಾನು ಇವತ್ತು ದೇಶದ ಭವಿಷ್ಯ ಕಂಡೆ" ಎಂದರು. ಅವರು ಕಂಡದ್ದು ಯಾರನ್ನು ಎಂದು ಇಡೀ ಪೆಂಡಾಲು ನೋಡಿತ್ತು. ಆದರೂ ಚಪ್ಪಾಳೆ ಜೋರಾಗಿಯೇ ಬಿತ್ತು.

ಕೆಳಗಿಳಿಯುವಾಗ ಅವರಿಗೆ ಒಂದು ಸಂಶಯ ಬಂತು. ಪ್ರಿನ್ಸಿಪಾಲರನ್ನು ಹತ್ತಿರ ಕರೆದು, "ಎಲ್ಲಾ ಬರೋಬ್ಬರಿ ಐತಿ. ಇದರೊಳಗ ಎಐ ಐತಿ ಅಂದಿದ್ರಲ್ಲ, ಅದೆಲ್ಲೈತಿ?" ಎಂದು ಕೇಳಿದರು.

ಪ್ರಿನ್ಸಿಪಾಲರು ರೆಪ್ಪೆ ಬಡಿಯದೆ ಹೇಳಿದರು: "ಕೆಳಗಿನ ಡ್ರಾವರಿನ್ಯಾಗ ಐತ್ರಿ ಸಾಹೇಬ್ರ. ಕೀಲಿ ಹಾಕೇವ್ರಿ."

ಆಕಾಶದ ಕಣ್ಣು

ಆ ಸಮಾರಂಭದ ಫೋಟೋ ನೋಡಿ, ಮೊಬೈಲಿನಲ್ಲಿ ಸುದ್ದಿ ಬಿಡುವ ಒಂದು ಊರ ಚಾನೆಲ್ಲಿನವನು ಮೈಕ್ ಹಿಡಿದು ನಮ್ಮ ಮನೆಗೇ ಬಂದ. ಕನ್ನಡಿಯಿಂದ ಏನೇನು ಕಾಣುತ್ತದೆ ಎಂದು ಕೇಳಿದ. ದೂರದ ಚುಕ್ಕಿಯ ಪಕ್ಕದಲ್ಲಿ ಒಂದು ಮಂದ ಗ್ರಹ ಇರುತ್ತದೆ, ಚುಕ್ಕಿಯ ಬೆಳಕಿನಲ್ಲಿ ಅದು ಕಾಣುವುದಿಲ್ಲ, ಫೋಕಸ್ ದೀಪದ ಪಕ್ಕ ಮಿಣುಕುಹುಳ ಹಾರಿದ ಹಾಗೆ, ಇಂಥ ಕನ್ನಡಿ ಹಚ್ಚಿದರೆ ಆ ಹುಳವನ್ನೂ ಹುಡುಕಬಹುದು ಎಂದು ತಿಳಿಸಿ ಹೇಳಿದೆ.

"ಹುಳ ಕಾಣತೈತಿ ಅಂದಮ್ಯಾಲ ಮನಷ್ಯಾರು ಕಾಣತಾರಲ್ರಿ ಮೇಡಂ?"

"ಅದು ಕೆಳಗ ನೋಡೂದಿಲ್ಲಪಾ, ಮ್ಯಾಲ ನೋಡತೈತಿ."

ಅವನು ಎಲ್ಲ ತಿಳಿದವನಂತೆ ತಲೆ ಆಡಿಸಿದ. ತಲೆ ಆಡಿಸುವವರನ್ನು ನಾನು ತರಗತಿಯಲ್ಲೂ ನಂಬುವುದಿಲ್ಲ. ಇವನನ್ನು ಯಾಕೆ ನಂಬಿದೆನೋ. ಸಂಜೆ ಊರವರ ಮೊಬೈಲಿನಲ್ಲೆಲ್ಲ ಒಂದೇ ಸುದ್ದಿ: "ನಿಮ್ಮ ಮನೆಯ ಮೇಲೆ ಆಕಾಶದಿಂದ ಕಣ್ಣು. ರಹಸ್ಯ ಬಿಚ್ಚಿಟ್ಟ ಬೈಲಹೊಂಗಲದ ಮೇಡಂ." ಹಿಂದೆ ಢಂ ಢಂ ಎಂದು ಸಂಗೀತ ಬೇರೆ.

ಮರುದಿನ ನಮ್ಮ ಓಣಿಯಲ್ಲಿ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುವವರು ಪತ್ರಾಸ್ ತಗಡಿನ ಚಪ್ಪರದ ಕೆಳಗೆ ಒಣಹಾಕತೊಡಗಿದರು. ಅಲ್ಲಿ ಬಿಸಿಲು ಬೀಳುವುದಿಲ್ಲ. ಅಂದರೂ ಮಾನ ದೊಡ್ಡದು.

ಹೊತ್ತು ಏರುವ ಮೊದಲೇ ಪಕ್ಕದ ಮನೆಯಾಕೆ ಬಂದರು. ಅವರ ಗಂಡ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟವರು, ಊರಿನ ನಾಲ್ಕು ಮಂದಿ ನ್ಯಾಯ ಹೇಳಿಸಿಕೊಳ್ಳಲು ಬರುವಂಥ ಮನುಷ್ಯ. ಆಕೆಯ ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ ಇತ್ತು. ಡಬ್ಬಿ ಮುಂದಿಟ್ಟು ದನಿ ಇಳಿಸಿದರು.

"ಅಕ್ಕಾರ, ನಮ್ಮನಿಯವ್ರು ವಾರಕ್ಕೊಮ್ಮಿ ಹೂಲಿಗೆ ಹೊಕ್ಕೇನಿ ಅಂತಾರ. ಹಳೇ ಗುಡಿ ಅದಾವು, ಕುಂತ್ರ ಮನಸಿಗೆ ಶಾಂತಿ ಅಕ್ಕೇತಿ ಅಂತಾರ. ಅಲ್ಲೇ ಕುಂದರತಾರೋ ಮತ್ತೆಲ್ಲಿ ಕುಂದರತಾರೋ, ಒಂದೀಟು ನಿಮ್ಮ ಕನ್ನಡ್ಯಾಗ ನೋಡ್ರಿ."

ನಾನು ಗ್ರಹ, ಚುಕ್ಕಿ, ಮಿಣುಕುಹುಳ ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದೆ. ಆ ಕನ್ನಡಿ ಇನ್ನೂ ನನ್ನ ಲ್ಯಾಬಿನ ಹೊಸ್ತಿಲು ಕೂಡ ದಾಟಿಲ್ಲ ಎಂದೆ. ಆಕೆ ಶಾಂತವಾಗಿ ಕೇಳಿಸಿಕೊಂಡು, "ಹೇಳಬ್ಯಾಡ್ರಿ ಅಂತ ಮ್ಯಾಲಿನವ್ರು ತಾಕೀತು ಮಾಡಿರಬೇಕು. ಇರ್ಲಿ, ಹೋಳಿಗಿ ತಿನ್ರಿ" ಎಂದು ಎದ್ದು ಹೋದರು.

ಮಧ್ಯಾಹ್ನ ಅವರ ಯಜಮಾನರು ಬಂದರು. ಅವರ ಕೈಯಲ್ಲಿ ಪೇಡೆಯ ಡಬ್ಬಿ. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ನೆಲ ನೋಡುತ್ತ ನಿಂತು, ಕೊನೆಗೆ ಸಣ್ಣ ದನಿಯಲ್ಲಿ ಹೇಳಿದರು:

"ಅಕ್ಕಾರ, ನಿಮಗ ಕಂಡದ್ದು ಎಲ್ಲೇ ಇರ್ಲಿ, ನಮ್ಮ ಮನ್ಯಾಗ ಮಾತ್ರ ಹೂಲಿ ಅಂತ ಹೇಳಿಬಿಡ್ರಿ."

ಇನ್ನಷ್ಟು ಗ್ರಹಗಳು

ನಮ್ಮ ಚಿಗವ್ವನ, ಅಂದರೆ ಅವ್ವನ ತಂಗಿಯ, ಮಗಳ ಮದುವೆ ಕೂಡಿ ಬರುತ್ತಿರಲಿಲ್ಲ. ಹುಡುಗಿ ಸ್ವತಃ "ನನಗ ಅವಸರ ಇಲ್ಲ" ಎಂದು ಹೇಳುತ್ತಿದ್ದಳು. ಆದರೆ ಅವಳನ್ನು ಕೇಳುವವರು ಯಾರು? ಚಿಗವ್ವ ನನ್ನನ್ನು ಜೊತೆ ಮಾಡಿಕೊಂಡು ರಾಮದುರ್ಗದ ಒಬ್ಬ ಜ್ಯೋತಿಷಿಯ ಹತ್ತಿರ ಹೋದಳು. ಬಾಗಿಲ ಮೇಲೆ "ಎಐ ಜ್ಯೋತಿಷ್ಯ" ಎಂದು ಬೋರ್ಡು. ಒಳಗೆ ಜ್ಯೋತಿಷಿಯ ಪಕ್ಕದಲ್ಲಿ ಒಂದು ಕಂಪ್ಯೂಟರ್. ಅದರ ತೆರೆಯ ಮೇಲೆ ಒಂದು ಚಕ್ರ ಸುಮ್ಮನೆ ತಿರುಗುತ್ತಿತ್ತು. ನಾವು ಅಲ್ಲಿದ್ದಷ್ಟು ಹೊತ್ತೂ ಅದು ತಿರುಗುತ್ತಲೇ ಇತ್ತು. ಅದಕ್ಕೆ ಬೇರೆ ಕೆಲಸ ಕೊಟ್ಟಂತೆ ಕಾಣಲಿಲ್ಲ.

ಚಿಗವ್ವ ಅಭಿಮಾನದಿಂದ ನನ್ನ ಪರಿಚಯ ಮಾಡಿಸಿದಳು. "ನಮ್ಮ ಅಕ್ಕನ ಮಗಳ್ರಿ. ಆಕಾಶದ ಕನ್ನಡಿಗೆ ಎಐ ಹಚ್ಚಿ ಗ್ರಹ ನೋಡಾಕಿ."

ಜ್ಯೋತಿಷಿಗಳು ಕೈಮುಗಿದರು. "ಅಂದ್ರ ನಾವಿಬ್ರೂ ಒಂದ ಕಸಬಿನವ್ರು ಆದಿವಿ."

ಇದು ನನಗೆ ಚುಚ್ಚಿತು. "ನಿಮ್ಮ ಎಐ ಏನು ಮಾಡತೈತ್ರಿ?" ಎಂದು ಕೇಳಿದೆ.

"ನಾ ಕನ್ನಡದಾಗ ಹೇಳಿದ್ದನ್ನ ಇಂಗ್ಲಿಷಿನ್ಯಾಗ ಹೇಳತದ. ವರನ ಕಡಿಯವರಿಗೆ ಅದ ಬೇಕಾಗತದ."

ಇವರಿಗೆ ಇವತ್ತು ಪಾಠ ಕಲಿಸಿಯೇ ಹೋಗಬೇಕೆಂದು ನಾನು ಸೆರಗು ಬಿಗಿದು ಕುಳಿತೆ. ಗ್ರಹಗಳೆಂದರೆ ನಮ್ಮ ಸೂರ್ಯನ ಸುತ್ತ ತಿರುಗುವವು ಅಷ್ಟೇ ಅಲ್ಲ. ಬೇರೆ ಚುಕ್ಕಿಗಳಿಗೂ ಅವುಗಳದೇ ಗ್ರಹಗಳಿರುತ್ತವೆ. ಈಗಾಗಲೇ ಅಂಥವು ಸಾವಿರಾರು ಸಿಕ್ಕಿವೆ. ನಮ್ಮ ಪುಟ್ಟ ಕನ್ನಡಿಗಳು ಮೇಲೆ ಹೋದರೆ ಇನ್ನೂ ಎಷ್ಟು ಸಿಗುತ್ತವೋ ಯಾರಿಗೂ ಗೊತ್ತಿಲ್ಲ. ಅವು ಯಾವುದೂ ನಿಮ್ಮ ಪಂಚಾಂಗದಲ್ಲಿ ಇಲ್ಲವಲ್ಲ ಎಂದೆ.

ಪಂಚಾಂಗದ ಹಾಳೆ ತಿರುವುತ್ತಿದ್ದ ಜ್ಯೋತಿಷಿಗಳ ಕೈ ನಿಂತುಹೋಯಿತು. ಕಣ್ಣು ಮುಚ್ಚಿ ಕುಳಿತರು. ಗೆದ್ದೆ ಎಂದುಕೊಂಡೆ. ಚಿಗವ್ವ ಮಾತ್ರ ನನ್ನ ತೊಡೆ ಚಿವುಟಿದಳು. ದೊಡ್ಡವರ ಮುಂದೆ ಹೀಗೆಲ್ಲ ಮಾತಾಡಬಾರದು ಎಂದು ಅದರ ಅರ್ಥ.

ಸ್ವಲ್ಪ ಹೊತ್ತಿಗೆ ಜ್ಯೋತಿಷಿಗಳು ಕಣ್ಣು ತೆರೆದು ಮೆಲ್ಲಗೆ ಕೇಳಿದರು: "ಈ ಹೊಸಾ ಗ್ರಹಗಳಿಗೆ ಇಲ್ಲೀತನಕ ಯಾರರೆ ಶಾಂತಿ ಮಾಡಿಸ್ಯಾರೇನ್ರಿ?"

"ಇಲ್ಲ."

ಅವರು ಚಿಗವ್ವನ ಕಡೆ ತಿರುಗಿದರು. "ನೋಡ್ರಿ ತಾಯಿ, ಹುಡುಗಿ ಲಗ್ನ ಯಾಕ ನಿಂತದ ಅಂತ ನಿಮ್ಮ ಅಕ್ಕನ ಮಗಳ ಹೇಳಿಬಿಟ್ಲು."

ತಜ್ಞರ ಭಾಷಣ

ಕಿತ್ತೂರಿನಲ್ಲಿ ಒಂದು ವಿಚಾರ ಸಂಕಿರಣ ಏರ್ಪಾಡಾಗಿತ್ತು. ವಿಷಯ ನನ್ನದೇ: ಬಾಹ್ಯಾಕಾಶದ ಕನ್ನಡಿಗಳು ಮತ್ತು ಎಐ. ಆದರೆ ಮಾತಾಡಲು ನನ್ನನ್ನು ಕರೆದಿರಲಿಲ್ಲ. ವಂದನಾರ್ಪಣೆಗೆ ಕರೆದಿದ್ದರು. ಹತ್ತಿರದ ಊರಿನವಳು ಎಷ್ಟು ತಿಳಿದಾಳು ಎಂಬುದು ನಮ್ಮ ಕಡೆಯ ಸಂಘಟಕರ ಹಳೆಯ ಲೆಕ್ಕಾಚಾರ. ಕಾರಿನಲ್ಲಿ ಬಂದವನೇ ತಜ್ಞ, ಬಸ್ಸಿನಲ್ಲಿ ಬಂದವಳು ವಂದನಾರ್ಪಣೆ.

ತಜ್ಞರು ದೂರದ ದೊಡ್ಡ ಊರಿನಿಂದ ಬಂದಿದ್ದರು. ಸಭೆಯಲ್ಲಿ ಕಾಲೇಜು ಹುಡುಗರಿದ್ದರು, ಮಾಸ್ತರರಿದ್ದರು. ಹಿಂದಿನ ಸಾಲಿನಲ್ಲಿ ರೈತರೂ ಕುಳಿತಿದ್ದರು. ಹನಿ ನೀರಾವರಿಯ ಬಗ್ಗೆ ಏನೋ ಹೇಳುತ್ತಾರೆಂದು ಅವರಿಗೆ ಯಾರೋ ಹೇಳಿದ್ದರಂತೆ. ತಜ್ಞರು ಎದ್ದು, ಕನ್ನಡಕ ಏರಿಸಿ, ಕೈಯಲ್ಲಿದ್ದ ಟ್ಯಾಬ್ ನೋಡಿಕೊಂಡು ಗಂಭೀರ ದನಿಯಲ್ಲಿ ಓದತೊಡಗಿದರು.

"ಖಂಡಿತ. ಬಾಹ್ಯಾಕಾಶದ ಕನ್ನಡಿಗಳು ಮತ್ತು ಕೃತಕ ಬುದ್ಧಿಮತ್ತೆ ಎಂಬ ವಿಷಯದ ಮೇಲೆ ಹಳ್ಳಿಯ ಸಭಿಕರಿಗೆ ತಿಳಿಯುವಂಥ ಒಂದು ಭಾಷಣ ಇಲ್ಲಿದೆ."

ಎಐ ಬರೆದುಕೊಟ್ಟದ್ದನ್ನು ಅದರ ಪೀಠಿಕೆ ಸಮೇತ ಓದುತ್ತಿದ್ದಾರೆಂದು ನಾನು ಬೆಚ್ಚಿ ತಲೆ ಎತ್ತಿದೆ. ಬೇರೆ ಯಾರೂ ಬೆಚ್ಚಲಿಲ್ಲ. ನನ್ನ ಪಕ್ಕ ಕುಳಿತ ನಮ್ಮ ಪ್ರಿನ್ಸಿಪಾಲರು, "ಹೆಂಗ ಸ್ಪಷ್ಟ ಶುರು ಮಾಡಿದ್ರು ನೋಡ್ರಿ" ಎಂದು ಮೆಚ್ಚಿಕೊಂಡರು.

ತಜ್ಞರು ಮುಂದುವರಿದರು. "ನನ್ನ ಪ್ರೀತಿಯ, ಇಲ್ಲಿ ಊರಿನ ಹೆಸರು ಸೇರಿಸಿ, ಮಹಾಜನರೇ."

ಹಿಂದಿನಿಂದ ಒಬ್ಬರು ಸಹಾಯ ಮಾಡಿದರು: "ಕಿತ್ತೂರು ರೀ."

"ಧನ್ಯವಾದ" ಎಂದು ತಜ್ಞರು ಓದುತ್ತಲೇ ಹೋದರು. ಒಂದು ವಾಕ್ಯವೂ ಅವರ ಬಾಯಿಂದ ಹೊರಡುವ ಮೊದಲು ತಲೆಯ ಮೂಲಕ ಹಾದು ಬರಲಿಲ್ಲ. ಬಾಹ್ಯಾಕಾಶದ ಕನ್ನಡಿಯು ಭರವಸೆಯ ಕನ್ನಡಿ, ನಾಳೆಯ ಕನ್ನಡಿ, ಅದು ಬರೀ ಕನ್ನಡಿಯಲ್ಲ, ಮನುಕುಲದ ಕನಸು ಎಂದು ಓದಿದರು. ಕನ್ನಡಿ ಹೇಗೆ ಬಾಗುತ್ತದೆ, ಯಾಕೆ ಬಾಗುತ್ತದೆ ಎಂಬ ಮಾತು ಒಮ್ಮೆಯೂ ಬರಲಿಲ್ಲ. ರೈತರೊಬ್ಬರು ಆಕಳಿಸಿದ್ದು ನೋಡಿ ನನಗೂ ಆಕಳಿಕೆ ಬಂತು. ವೇದಿಕೆಯ ಮೇಲಿದ್ದವಳಾದ್ದರಿಂದ ಅದನ್ನು ನುಂಗಿದೆ.

ಕೊನೆಗೆ ಅವರು ದನಿ ಏರಿಸಿ, ಒಂದು ಕೈ ಮೇಲೆತ್ತಿ, ಸಮಾರೋಪದ ವಾಕ್ಯ ಓದಿದರು: "ಇದನ್ನು ಇನ್ನೂ ಚಿಕ್ಕದಾಗಿ, ಇನ್ನೂ ಸರಳವಾಗಿ ಮಾಡಿಕೊಡಲೇ?"

ಇಡೀ ಸಭೆ ಒಕ್ಕೊರಲಿನಿಂದ ಅಂದಿತು: "ಮಾಡ್ರಿ ಸರ್."

ಜನರ ಆಸಕ್ತಿ ಕಂಡು ತಜ್ಞರ ಕಣ್ಣು ತುಂಬಿ ಬಂತು. ಒಂದು ಗುಟುಕು ನೀರು ಕುಡಿದರು. ಟ್ಯಾಬಿನ ಮೇಲೆ ಬೆರಳು ಆಡಿಸಿ ಮೊದಲ ಸಾಲಿಗೆ ಹೋದರು. ಗಂಟಲು ಸರಿ ಮಾಡಿಕೊಂಡು ಶುರು ಮಾಡಿದರು: "ಖಂಡಿತ."

ತಪ್ಪಿನಿಂದ ಕಲಿಯುವುದು

ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಚೇರಮನ್ನರು ಬೆಲ್ಲದ ವ್ಯಾಪಾರದವರು. ಮಾತು ಕಡಿಮೆ. ಒಂದು ದಿನ ಮೀಟಿಂಗಿಗೆ ಬಂದವರು ನನ್ನನ್ನೂ ಪ್ರಿನ್ಸಿಪಾಲರನ್ನೂ ಕೂರಿಸಿಕೊಂಡು, ಈ ಎಐ ಎಂಬುದು ಏನು ಮಾಡುತ್ತದೆ, ಸರಳವಾಗಿ ಹೇಳಿ ಎಂದರು.

"ಮೊದಲಿಗೆ ತಪ್ಪು ಮಾಡತೈತ್ರಿ" ಎಂದೆ. "ಆಮ್ಯಾಲ ತಪ್ಪಾಗೇತಿ ಅಂತ ತಾನ ನೋಡಕೊಂತೈತಿ. ಮುಂದಿನ ಸಲ ಆ ತಪ್ಪು ಕಡಿಮಿ ಮಾಡತೈತಿ. ಹಿಂಗ ದಿನಾ ಸುಧಾರಸ್ಕೊಂತ ಹೊಕ್ಕೇತ್ರಿ."

"ತನ್ನ ತಪ್ಪು ತಾನ ಒಪ್ಪಕೊಂತೈತಿ?"

"ಹೌದ್ರಿ."

"ಮಾಡಿದ್ದ ತಪ್ಪು ಮತ್ತ ಮತ್ತ ಮಾಡೂದಿಲ್ಲ?"

"ಬಹಳ ಮಟ್ಟಿಗೆ ಇಲ್ರಿ."

ಚೇರಮನ್ನರು ಪ್ರಿನ್ಸಿಪಾಲರ ಕಡೆ ಒಂದು ಸಲ ನೋಡಿದರು, ಕಿಟಕಿಯ ಆಚೆ ಒಂದು ಸಲ ನೋಡಿದರು. "ಇಂಥಾದ್ದು ಕುರ್ಚಿ ಮ್ಯಾಲ ಕುಂದ್ರೂವಷ್ಟು ದೊಡ್ಡದು ಸಿಗತೈತೇನ್ರಿ?"

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕವರು ಪ್ರಿನ್ಸಿಪಾಲರು. ಯಾವ ಕುರ್ಚಿ ಎಂದು ಅವರಿಗೆ ಹೊಳೆದದ್ದು ಚಹಾ ಬಂದು, ಆರಿದ ಮೇಲೆ.

ಸಮಿತಿ ಬಂದದ್ದು

ಕನ್ನಡಿ ಎರವಲಿನದು ಎಂದೆನಲ್ಲ. ಅದು ನಮ್ಮಲ್ಲೇ ಉಳಿಯಬೇಕೋ ಬೇರೆ ಊರಿನ ಕಾಲೇಜಿಗೆ ಹೋಗಬೇಕೋ ಎಂದು ನಿರ್ಧರಿಸಲು ಮೇಲಿನಿಂದ ಒಂದು ಸಮಿತಿ ಬರುವುದಿತ್ತು. ಆ ಸುದ್ದಿ ಬಂದಾಗಿನಿಂದ ನನಗೆ ಊಟ ರುಚಿಸುತ್ತಿರಲಿಲ್ಲ. ಅಷ್ಟು ಸಣ್ಣ ವಸ್ತು ಮನಸ್ಸಿನಲ್ಲಿ ಇಷ್ಟು ಜಾಗ ಹಿಡಿಯುತ್ತದೆಂದು ನನಗೇ ತಿಳಿದಿರಲಿಲ್ಲ. ನನ್ನ ವಿದ್ಯಾರ್ಥಿನಿಯರು ಬೆಳಕಿನ ಬಿಂದು ನಿಂತದ್ದು ನೋಡಿ ಉಸಿರು ಹಿಡಿಯುವುದನ್ನು ನಾನು ಕಂಡಿದ್ದೆ. ಅವರಲ್ಲಿ ಒಬ್ಬಳು, "ಇಂಥಾದ್ದು ಮ್ಯಾಲ ಹೋದ್ರ ಅದರಾಗ ನಮ್ಮ ಕೈನೂ ಐತಿ ಅಂದಂಗ ಆತಲ್ರಿ ಮೇಡಂ" ಎಂದಿದ್ದಳು. ಕನ್ನಡಿ ಹೋದರೆ ಅವರಿಗೆ ಉಳಿಯುವುದು ಪಠ್ಯಪುಸ್ತಕದ ಚಿತ್ರ ಅಷ್ಟೇ.

ನಮ್ಮ ಲ್ಯಾಬಿನ ಗೋಡೆಗೆ ಹತ್ತಿ ಒಂದು ಹಿಟ್ಟಿನ ಗಿರಣಿ ಇದೆ. ಬೆಳಗಿನಿಂದ ಸಂಜೆಯವರೆಗೆ ಜೋಳ, ಗೋಧಿ, ಖಾರದ ಪುಡಿ ಬೀಸುತ್ತಲೇ ಇರುತ್ತದೆ. ಅದು ತಿರುಗಿದರೆ ನಮ್ಮ ಮೇಜು ಕಂಡೂ ಕಾಣದಂತೆ ನಡುಗುತ್ತದೆ. ಮೊದಮೊದಲು ಅದರಿಂದ ತೆರೆಯ ಮೇಲಿನ ಬೆಳಕಿನ ಬಿಂದು ಜೀಕುತ್ತಿತ್ತು. ಆದರೆ ಎಐ ಆ ನಡುಕವನ್ನೂ ಕಲಿತುಬಿಟ್ಟಿತು. ಗಿರಣಿ ಕನ್ನಡಿಯನ್ನು ಈ ಕಡೆ ದಬ್ಬುವ ಮೊದಲೇ ಇದು ಆ ಕಡೆ ಬಾಗಿಸುತ್ತಿತ್ತು. ಬಿಂದು ಕಲ್ಲಿನಂತೆ ನಿಂತಿತು. ನನಗೆ ಇದು ಹೆಮ್ಮೆಯ ಸಂಗತಿ. ಯಾಕೆಂದರೆ ಬಾಹ್ಯಾಕಾಶದ ದುರ್ಬೀನಿನ ಹೊಟ್ಟೆಯಲ್ಲೂ ಅದನ್ನು ಅತ್ತಿತ್ತ ತಿರುಗಿಸುವ ಚಕ್ರಗಳಿರುತ್ತವೆ, ಅವೂ ಹೀಗೇ ನಡುಗಿಸುತ್ತವೆ. ಗಿರಣಿ ನಮಗೆ ಪುಕ್ಕಟೆ ಸಿಕ್ಕ ಗುರು.

ಸಮಿತಿಯವರು ಮೂವರು ಬಂದರು. ಅಧ್ಯಕ್ಷರು ಬೈಲಹೊಂಗಲದ ಬಿಸಿಲಿನಲ್ಲೂ ಟೈ ಸಡಿಲಿಸದ ಹಿರಿಯರು. ಪ್ರಿನ್ಸಿಪಾಲರು ಅವರಿಗೆ ಶಾಲು ಹೊದಿಸಿ ಇನ್ನಷ್ಟು ಬೆವರಿಸಿ ಲ್ಯಾಬಿಗೆ ಕರೆತಂದರು. ನಾನು ಯಂತ್ರ ಚಾಲೂ ಮಾಡಿದೆ.

ಬಿಂದು ಕಾದ ಹಂಚಿನ ಮೇಲೆ ಬಿದ್ದ ನೀರಹನಿಯಂತೆ ಕುಣಿಯತೊಡಗಿತು.

ಬಂದ್ ಮಾಡಿ ಮತ್ತೆ ಹಚ್ಚಿದೆ. ಮತ್ತೂ ಕುಣಿಯಿತು.

"ಅಮ್ಮಾ, ಬಿಂದು ಅಲುಗದೆ ನಿಲ್ಲುತ್ತದೆ ಎಂದು ಹೇಳಿದ್ದಿರಿ" ಎಂದರು ಅಧ್ಯಕ್ಷರು.

"ಎಐ ಹೀಗೆಯೇ" ಎಂದು ಎರಡನೆಯ ಸದಸ್ಯರು ಜ್ಞಾನ ಹಂಚಿದರು. "ಅದಕ್ಕೂ ಒಂದು ಮೂಡ್ ಇರುತ್ತದೆ."

ಮೂರನೆಯವರು ಗೋಡಂಬಿ ತಿನ್ನುತ್ತಿದ್ದರು. ಸಮಿತಿಯಲ್ಲಿ ನನಗೆ ಗೌರವ ಬಂದದ್ದು ಅವರೊಬ್ಬರ ಮೇಲೆ. ಅವರು ಏನೂ ಹೇಳಲಿಲ್ಲ.

ಪ್ರಿನ್ಸಿಪಾಲರು ಪರಿಸ್ಥಿತಿ ಸಾವರಿಸಿದರು: "ಹೊಸಾ ಮಂದಿ ನೋಡಿ ನಾಚಕೊಂಡಿರಬೇಕ್ರಿ ಸರ್."

ಆಗ ನನಗೆ ಕಿವಿಗೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಲ್ಯಾಬ್ ಬಿಕೋ ಎನ್ನುತ್ತಿತ್ತು.

"ಸರ್, ಗಿರಣಿ ಯಾಕ ನಿಂತೈತ್ರಿ?"

ಪ್ರಿನ್ಸಿಪಾಲರು ಎದೆ ಉಬ್ಬಿಸಿದರು. "ನಾನ ಬಂದ್ ಮಾಡಿಸೇನ್ರಿ. ದೊಡ್ಡವ್ರು ಬಂದಾಗ ಗಡಗಡ ಸಪ್ಪಳ, ಖಾರದ ಘಾಟು ಛಲೋ ಅನಸೂದಿಲ್ಲಲ್ರಿ. ನಿಮಗ ಹೇಳಿ ತಲಿ ತಿನ್ನೂದು ಯಾಕಂತ ಬಿಟ್ಟೆ."

ಎಲ್ಲ ತಿಳಿಯಿತು. ಬಾರದ ನಡುಕಕ್ಕೆ ನನ್ನ ಎಐ ಪಾಪ ಬಾಗಿಕೊಡುತ್ತಿತ್ತು. ಗಿರಣಿ ದಬ್ಬುತ್ತಿಲ್ಲ, ಇದು ಮಾತ್ರ ವಿರುದ್ಧ ದಿಕ್ಕಿಗೆ ವಾಲುತ್ತಿದೆ. ಒಂದು ದಿನದ ಮೌನ ಕೊಟ್ಟರೆ ಮೌನವನ್ನೂ ಕಲಿಯುತ್ತಿತ್ತು. ಆದರೆ ಸಮಿತಿಯವರು ಒಂದು ದಿನ ಕೂರುವವರಲ್ಲ. "ಸರ್, ಈಗಿಂದೀಗ ಗಿರಣಿ ಚಾಲೂ ಮಾಡಸ್ರಿ" ಎಂದೆ. ನನ್ನ ದನಿಯಲ್ಲಿ ಏನಿತ್ತೋ, ಪ್ರಿನ್ಸಿಪಾಲರು ಮರುಮಾತಾಡದೆ ಓಡಿದರು.

ಗಿರಣಿಯವರು ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತಿದ್ದರಂತೆ. "ಖಾಲಿ ಗಿರಣಿ ಓಡಸಿದ್ರ ಕಲ್ಲು ಕೆಡತಾವ್ರಿ. ಕಾಳು ತರ್ರಿ" ಎಂದರು. ಗಿರಾಕಿಗಳನ್ನೆಲ್ಲ ಬೆಳಿಗ್ಗೆಯೇ ಪ್ರಿನ್ಸಿಪಾಲರೇ ಮನೆಗೆ ಕಳಿಸಿದ್ದರು. ಕಾಳು ಎಲ್ಲಿಂದ ಬರಬೇಕು? ಹೊಸ ಕೋಟು ಹಾಕಿದ್ದ ಪ್ರಿನ್ಸಿಪಾಲರು ಸ್ಕೂಟರ್ ಹತ್ತಿ ತಮ್ಮ ಮನೆಗೆ ಹೋಗಿ, ಮನೆಯವರ ಬೈಗುಳ ಕೇಳಿ, ಜೋಳದ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಬಂದರು. ತಾವೇ ಸುರುವಿದರು.

ಗಿರಣಿ ಗುಡುಗಿತು. ಮೇಜು ಸಣ್ಣಗೆ ನಡುಗಿತು. ತೆರೆಯ ಮೇಲೆ ಕುಣಿಯುತ್ತಿದ್ದ ಬಿಂದು ಒಮ್ಮೆ ತಡವರಿಸಿ, ಯಾರೋ ಬೆರಳಿಟ್ಟು ಹಿಡಿದಂತೆ ನಿಂತುಬಿಟ್ಟಿತು. ಗೋಡಂಬಿಯವರು ಕೂಡ ತಿನ್ನುವುದನ್ನು ಬಿಟ್ಟರು. ನನ್ನ ಕಣ್ಣಲ್ಲಿ ನೀರು ಬಂತು. ಖಾರದ ಘಾಟು ಎಂದು ಹೇಳಿ ಒರೆಸಿಕೊಂಡೆ.

ಗಿರಣಿಯ ನಡುಕ, ಚಕ್ರದ ನಡುಕ, ಎಐ ಕಲಿತ ರೀತಿ ಎಲ್ಲವನ್ನೂ ನಾನು ಅಧ್ಯಕ್ಷರಿಗೆ ಸಾವಕಾಶ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಟೈಯಿಂದ ಒರೆಸಿದರು. ಬಹಳ ಯೋಚಿಸಿ ಕೇಳಿದರು:

"ಎಲ್ಲ ಚೆನ್ನಾಗಿದೆ ಅಮ್ಮಾ. ಒಂದೇ ಸಂದೇಹ. ಈ ಗಿರಣಿಯನ್ನೂ ಮೇಲೆ ಕಳಿಸಬೇಕೆಂದರೆ ಉಪಗ್ರಹಕ್ಕೆ ತೂಕ ಹೆಚ್ಚಾಗುವುದಿಲ್ಲವೇ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಪ್ರಿನ್ಸಿಪಾಲರು, ಕೋಟಿಗೆ, ಮೀಸೆಗೆ, ರೆಪ್ಪೆಗೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡೇ, ಒಂದು ಹೆಜ್ಜೆ ಮುಂದೆ ಬಂದು ಕೈಕಟ್ಟಿ ವಿನಯದಿಂದ ಹೇಳಿದರು:

"ಅಲ್ಲಿ ಯಾವುದಕ್ಕೂ ತೂಕನ ಇರೂದಿಲ್ಲಲ್ರಿ ಸರ್."

ಸಮಿತಿಯ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೌದಲ್ಲವೇ" ಎಂದರು ಅಧ್ಯಕ್ಷರು. ಕನ್ನಡಿ ನಮ್ಮಲ್ಲೇ ಉಳಿಯಿತು.